ಮೊಣಕಾಲುದ್ದ ಸಗಣಿ

ಲೋಕ ಇನ್ನೂ ಹಸಿಯಾಗಿದ್ದ ಕಾಲ ಅದು. ಬೆಟ್ಟಕ್ಕೆ ಕೈ ಒತ್ತಿದರೆ ಬೆರಳಿನ ಗುರುತು ಉಳಿಯುತ್ತಿತ್ತು. ಯಾವ ಕಡೆ ಹರಿಯಬೇಕೆಂದು ಹೊಳೆಗೆ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ, ದಿನಕ್ಕೆರಡು ಸಲ ಸಿಕ್ಕಸಿಕ್ಕವರನ್ನು ದಾರಿ ಕೇಳುತ್ತಿತ್ತು. ಗಾಳಿ, ನೀರು, ಕಲ್ಲು, ಹಕ್ಕಿ ಎಲ್ಲವೂ ಮಾತಾಡುತ್ತಿದ್ದವು. ಈಗಲೂ ಮಾತಾಡುತ್ತವೆ ಬಿಡಿ, ಕೇಳಲು ನಮಗೆ ಪುರುಸೊತ್ತಿಲ್ಲ.

ಆಗ ಊರು ಅನ್ನುವುದೇ ಇರಲಿಲ್ಲ. ನಡೆಯುವ ಜನ ಇದ್ದರು. ಒಂದು ಗುಂಪಿನಲ್ಲಿ ಮೂವತ್ತು ಮಂದಿ, ಇನ್ನೂರು ದನ, ಒಂದು ಸೋರೆಬುರುಡೆ ತುಂಬ ಹುರುಳಿ ಬೀಜ. ಇಷ್ಟೇ ಅವರ ಸಂಸಾರ. ನಿಂತಲ್ಲಿ ಮುಳ್ಳು ತಂದು ದನಕ್ಕೆ ದೊಡ್ಡಿ ಕಟ್ಟುವರು, ಪಕ್ಕದಲ್ಲಿ ತಮಗೆ ಗುಡಿಸಲು ಹಾಕುವರು, ಒಂದು ಬೊಗಸೆ ಹುರುಳಿ ಚೆಲ್ಲುವರು. ಎರಡು ಬೊಗಸೆ ಬಂದರೆ ಅದೇ ಹಬ್ಬ. ಆಮೇಲೆ ಎದ್ದು ನಡೆಯುವರು.

ಯಾವಾಗ ಏಳಬೇಕು ಅನ್ನುವುದಕ್ಕೆ ಅವರಲ್ಲೊಂದು ಕಟ್ಟಳೆ ಇತ್ತು. ದೊಡ್ಡಿಯ ನಡುವೆ ಒಂದು ಗೂಟ. ಪ್ರತಿ ಹುಣ್ಣಿಮೆಯ ಮರುದಿನ ಬೆಳಿಗ್ಗೆ ಗುಂಪಿನ ಹಿರಿಯ ಆ ಗೂಟದ ಪಕ್ಕ ಹೋಗಿ ಸಗಣಿಯಲ್ಲಿ ನಿಲ್ಲಬೇಕು. ಸಗಣಿ ಪಾದ ಮುಚ್ಚಿದರೆ ಚಿಂತೆಯಿಲ್ಲ. ಮೀನಖಂಡದವರೆಗೆ ಬಂದರೂ ಚಿಂತೆಯಿಲ್ಲ. ಮೊಣಕಾಲು ಮುಟ್ಟಿತೋ, ಮುಗಿಯಿತು. ನೆಲಕ್ಕೆ ನಾವು ಸಾಕಾಗಿದ್ದೇವೆ, ಏಳಿ ಅನ್ನುತ್ತಿದೆ ಎಂದು ಅದರ ಅರ್ಥ. ದೊಡ್ಡಿಯ ಸಗಣಿಗೆಲ್ಲ ಬೆಂಕಿ ಇಟ್ಟು, ಬೂದಿ ಗುಡ್ಡೆಗೆ ಕೈಮುಗಿದು, ತಿರುಗಿ ನೋಡದೆ ನಡೆದುಬಿಡಬೇಕು. ಈ ಕಟ್ಟಳೆಯನ್ನು ಯಾರು ಮಾಡಿದರು, ಯಾಕೆ ಮಾಡಿದರು, ಒಬ್ಬರಿಗೂ ಗೊತ್ತಿರಲಿಲ್ಲ. ಯಾಕೆಂದು ಗೊತ್ತಿಲ್ಲದ ಕಟ್ಟಳೆಯನ್ನೇ ಜನ ಬಲು ಭಕ್ತಿಯಿಂದ ಪಾಲಿಸುವುದು.

ಮೊದಲಿದ್ದ ಹಿರಿಯ ಉದ್ದನೆಯ ಆಳು. ಅವನ ಮೊಣಕಾಲು ಮುಟ್ಟಬೇಕಾದರೆ ದನಗಳು ವರ್ಷವಿಡೀ ಬೆವರು ಸುರಿಸಬೇಕಾಗಿತ್ತು. ಅವನು ತೀರಿಕೊಂಡ ಮೇಲೆ ಹಿರಿತನ ಗಿಡ್ಡಜ್ಜನಿಗೆ ಬಂತು. ಅವನು ಎಷ್ಟು ಎತ್ತರ ಇದ್ದ ಎಂದು ಹೆಸರೇ ಹೇಳುತ್ತದೆ. ಗುಂಪು ವರ್ಷಕ್ಕೆ ಎರಡೆರಡು ಸಲ ಏಳತೊಡಗಿತು. ಜನರ ಅಂಗಾಲು ಸವೆದವು. ಆದರೂ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಹಿರಿಯನ ಮುಂದೆ ನಿಂತು ನೀನು ಗಿಡ್ಡ ಎಂದು ಹೇಳುವುದು ಹೇಗೆ?

ಗಿಡ್ಡಜ್ಜನಿಗೆ ಒಬ್ಬಳೇ ಮೊಮ್ಮಗಳು. ಹೆಸರು ಗೌಜಿ, ವಯಸ್ಸು ಎಂಟು. ಹಲ್ಲು ಮೂಡುವ ಮೊದಲೇ ಜ್ವರ ಬಂದು ಅವಳ ಎರಡೂ ಕಾಲು ಸೊರಗಿದ್ದವು. ಒಂದು ದಿನವೂ ಎದ್ದು ನಿಂತವಳಲ್ಲ. ಕೈಯೂರಿ, ಕೂತಲ್ಲೇ ಜಾರಿಕೊಂಡು ಬೇಕಾದಲ್ಲಿಗೆ ಹೋಗುವಳು. ಆದರೆ ಬಾಯಿ ಮಾತ್ರ ಮೂರು ಮಂದಿಯ ಕೆಲಸ ಮಾಡುತ್ತಿತ್ತು, ಕಣ್ಣು ಆರು ಮಂದಿಯದು. ಗಿಡ್ಡಜ್ಜನಿಗೆ ಅವಳೆಂದರೆ ಜೀವ. ಹಾಲಿನ ಕೆನೆ ಅವಳಿಗೆ, ಬೇಯಿಸಿದ ಗೆಣಸಿನ ನಡುಭಾಗ ಅವಳಿಗೆ.

ನಡಿಗೆಯ ದಿನಗಳಲ್ಲಿ ಗೌಜಿಯನ್ನು ಅವ್ವ ಬಾಳವ್ವ ಬೆನ್ನಿಗೆ ಕಟ್ಟಿಕೊಳ್ಳುವಳು. ದನದ ಮೇಲೆ ಕೂರಿಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಕೂರಿಸಿ ನೋಡಿದ್ದರು. ಹೊರೆ ಹೊರುವುದು ದನಗಳಿಗೆ ಇನ್ನೂ ರೂಢಿಯಾಗಿರಲಿಲ್ಲ. ಕಂದು ಎತ್ತು ಅವಳನ್ನು ಎತ್ತಿ ಕಾರೆಕಂಟಿಯೊಳಗೆ ಒಗೆದಿತ್ತು. ಮುಳ್ಳು ಕೀಳುವುದಕ್ಕೇ ಎರಡು ದಿನ ಹಿಡಿಯಿತು.

ಗೌಜಿ ಆ ಎಂಟು ವರ್ಷಗಳಲ್ಲಿ ಲೋಕವನ್ನೆಲ್ಲ ಅವ್ವನ ಹೆಗಲ ಮೇಲಿಂದಲೇ ನೋಡಿದಳು. ನೆಲಗಳಿಗೆಲ್ಲ ಆಗ ಮನುಷ್ಯರೆಂದರೆ ಬಲು ಆಸೆ. ಹೊಸ ಆಟದ ಸಾಮಾನು ಕಂಡ ಮಕ್ಕಳ ಹಾಗೆ, ದಾರಿಯುದ್ದಕ್ಕೂ ಕರೆಯುತ್ತಿದ್ದವು.

"ಬರ್ರಿ, ಬರ್ರಿ, ಇಲ್ಲೇ ಇರ್ರಿ! ನನ್ನ ಹತ್ರ ನೀರೈತಿ, ಮೀನೈತಿ!" ಎಂದು ಹೊಳೆ ಕರೆಯಿತು. ಹೋಗಿ ದಡದಲ್ಲಿ ಇದ್ದರು. ಮಳೆಗಾಲದಲ್ಲಿ ಹೊಳೆಗೆ ಸಂತೋಷ ತಡೆಯಲಾಗಲಿಲ್ಲ, ಉಕ್ಕಿ ಉಕ್ಕಿ ಎಲ್ಲರನ್ನೂ ಅಪ್ಪಿಕೊಳ್ಳಲು ಬಂತು. ಆ ಅಪ್ಪುಗೆಯಲ್ಲಿ ಹದಿನಾಲ್ಕು ಕರು ಹೋದವು, ಗೌಜಿಯ ಅಪ್ಪನೂ ಹೋದ. "ನಾ ಬೇಕಂತ ಮಾಡಲಿಲ್ಲವ್ವಾ" ಎಂದು ಹೊಳೆ ಮೂರು ದಿನ ಅತ್ತಿತು. ಬಾಳವ್ವ ಅದರ ಮುಖ ನೋಡಲಿಲ್ಲ.

"ಬರ್ರಿ, ಬರ್ರಿ, ಇಲ್ಲೇ ಇರ್ರಿ! ನನ್ನ ಮೈತುಂಬ ಸಾರ ಐತಿ!" ಎಂದು ಕಪ್ಪು ಎರೆನೆಲ ಕರೆಯಿತು. ಹೋಗಿ ಅಲ್ಲಿದ್ದರು. ಮಳೆ ಬಂದಾಗ ನೆಲ ಕಾಲು ಹಿಡಿದರೆ ಬಿಡದು, ಬೇಸಿಗೆ ಬಂದಾಗ ಬಾಯಿ ಬಿಟ್ಟರೆ ಮುಚ್ಚದು. ಒಂದು ಬಿರುಕಿನಲ್ಲಿ ಗಿಡ್ಡಜ್ಜನೇ ಸೊಂಟದವರೆಗೆ ಇಳಿದುಹೋಗಿದ್ದ. ಕುಡಿಯುವ ನೀರಿಗೆ ಅರ್ಧ ದಿನ ನಡೆಯಬೇಕು.

"ಬರ್ರಿ, ಬರ್ರಿ, ಇಲ್ಲೇ ಇರ್ರಿ! ನನ್ನ ಮ್ಯಾಲೆ ಕೂತ್ರ ನಾಕೂ ದಿಕ್ಕು ಕಾಣ್ತಾವ!" ಎಂದು ಬೆಟ್ಟದ ತಲೆ ಕರೆಯಿತು. ಹೋಗಿ ಅಲ್ಲಿದ್ದರು. ನಾಲ್ಕೂ ದಿಕ್ಕು ಕಂಡವು ನಿಜ. ನಾಲ್ಕೂ ದಿಕ್ಕಿನ ಗಾಳಿಯೂ ಬಂತು. ಗುಡಿಸಲಿನ ಹುಲ್ಲು ಹಾರಿತು, ಒಲೆಯ ಕೆಂಡ ಹಾರಿತು, ಗಿಡ್ಡಜ್ಜನ ಪಂಚೆಯೂ ಹಾರಿತು. "ಸುಮ್ನ ಆಟ ಆಡಿದೆ" ಎಂದು ಗಾಳಿ ನಕ್ಕಿತು.

ಪ್ರತಿ ಸಲವೂ ಸಗಣಿ ಗಿಡ್ಡಜ್ಜನ ಮೊಣಕಾಲು ಮುಟ್ಟುತ್ತಿತ್ತು. ಬೆಂಕಿ ಇಡುತ್ತಿದ್ದರು. ಏಳುತ್ತಿದ್ದರು.

ಕೊನೆಯ ನಡಿಗೆ ಹನ್ನೊಂದು ದಿನದ್ದು. ಗೌಜಿ ಬೆಳೆದು ತಿಂಗಳ ಕರುವಿನಷ್ಟು ಭಾರ ಆಗಿದ್ದಳು. ಬಾಳವ್ವ ಹೊತ್ತಳು. ಆರನೇ ದಿನ ಗಿಡ್ಡಜ್ಜ "ಕೊಡವ್ವಾ ಇಲ್ಲೆ" ಎಂದು ಹೆಗಲ ಮೇಲೆ ಕೂರಿಸಿಕೊಂಡ. ಒಂದು ದಿನ ಹೊತ್ತು ಎರಡು ದಿನ ನರಳಿದ. ಗುಂಪು ಮುಂದೆ ಮುಂದೆ ಹೋಗುತ್ತಿತ್ತು, ಬಾಳವ್ವ ಹಿಂದೆ ಹಿಂದೆ ಉಳಿಯುತ್ತಿದ್ದಳು. ಹಿಂದಿನ ಪೊದೆಗಳಲ್ಲಿ ತೋಳಗಳು ನೆರಳಿನಂತೆ ಬರುತ್ತಿದ್ದವು. ಹನ್ನೊಂದನೇ ದಿನ ಒಂದು ಬೋಳು ಕಲ್ಲುಬೆಟ್ಟದ ಬುಡದಲ್ಲಿ ಬಾಳವ್ವ ಕುಸಿದು ಕೂತಳು. ಕೂತವಳು ಏಳಲಿಲ್ಲ.

ಗಿಡ್ಡಜ್ಜ ತಿರುಗಿ ಬಂದು ನೋಡಿದ. "ಇಲ್ಲೇ ದೊಡ್ಡಿ ಹಾಕ್ರಿ" ಎಂದ. ಹಾಗೆ ನಿಂತರು. ಆ ಜಾಗವನ್ನು ಯಾರೂ ಆರಿಸಲಿಲ್ಲ, ಆ ಜಾಗ ಯಾರನ್ನೂ ಕರೆಯಲೂ ಇಲ್ಲ.

ಅವತ್ತೇ ಸಂಜೆ ಅವ್ವ ಮತ್ತು ಅಜ್ಜ ಒಲೆಯ ಮುಂದೆ ಕೂತು ಆಡಿದ ಮಾತು ಗೌಜಿಯ ಕಿವಿಗೆ ಬಿತ್ತು.

"ಮಾವ, ಮುಂದಿನ ಸಲ ನನಗ ಹೊರಾಕ ಆಗೂದಿಲ್ಲ" ಎಂದಳು ಬಾಳವ್ವ.

"ನನಗ ಗೊತ್ತೈತವ್ವಾ."

"ಸಗಣಿ ಮೊಣಕಾಲು ಮುಟ್ಟಿದ ದಿನ ನೀವು ನಡೀರಿ. ನಾನು ನನ್ನ ಮಗಳು ಇಲ್ಲೇ ಇರ್ತೀವಿ."

"ತೋಳ ಬಿಡ್ತಾವೇನು?"

ಗಿಡ್ಡಜ್ಜ ಮೂಗು ಸೀಟಿಕೊಂಡು, "ಹಾಳಾದ ಹೊಗಿ" ಎಂದ. ಒಲೆಯಲ್ಲಿ ಹೊಗೆ ಇರಲೇ ಇಲ್ಲ.

ಗೌಜಿ ಕಂಬಳಿಯೊಳಗೆ ಕಣ್ಣು ಬಿಟ್ಟುಕೊಂಡೇ ಇದ್ದಳು. ತನ್ನಿಂದಾಗಿ ಅವ್ವ ಸಾಯುತ್ತಾಳೆ ಎಂದು ಅವಳಿಗೆ ಅರ್ಥವಾಯಿತು.

ಮರುದಿನ ದೊಡ್ಡವರೆಲ್ಲ ಮುಳ್ಳು ಕಡಿಯಲು ಹೋದಾಗ ಅವಳು ಜಾರಿಕೊಂಡು ಆ ಬೋಳು ಬೆಟ್ಟದ ಮೈಗೆ ಒರಗಿ ಕೂತಳು. ಕಲ್ಲು ಬೆಚ್ಚಗಿತ್ತು.

"ನಿನ್ನ ಹೆಸರೇನು?" ಎಂದು ಕೇಳಿದಳು.

ಬೆಟ್ಟ ಸಣ್ಣ ದನಿಯಲ್ಲಿ, "ಕಲ್ಲವ್ವ" ಎಂದಿತು.

"ಎಲ್ಲಾರೂ ನಮ್ಮನ್ನ ಕರೀತಾರ. ನೀ ಯಾಕ ಕರೀಲಿಲ್ಲ?"

"ಏನೈತೆಂತ ಕರೀಲಿ ಮಗಳ? ನನ್ನ ಮೈಯಾಗ ಹಿಡಿ ಮಣ್ಣಿಲ್ಲ, ಒಂದು ಹುಲ್ಲಿಲ್ಲ. ಮಳಿ ಬಂದ್ರ ಒಂದು ಹನಿ ನಿಲ್ಲೂದಿಲ್ಲ, ಎಲ್ಲಾ ಜಾರಿ ಹೋಗ್ತೈತಿ."

"ಎಲ್ಲಿಗೆ ಹೋಗ್ತೈತಿ?"

"ನನಗೇನು ಗೊತ್ತು? ನನ್ನ ಕಾಲು ನನಗ ಕಾಣೂದಿಲ್ಲ. ಬಗ್ಗಾಕ ಬರೂದಿಲ್ಲ, ನಡಿಯಾಕ ಬರೂದಿಲ್ಲ."

"ನನಗೂ ನಡಿಯಾಕ ಬರೂದಿಲ್ಲ" ಎಂದಳು ಗೌಜಿ ಸಂತೋಷದಿಂದ. ಅಂಥವರು ಇನ್ನೊಬ್ಬರು ಸಿಕ್ಕದ್ದು ಅವಳಿಗೆ ಅದೇ ಮೊದಲು. "ನಿನ್ನ ಕಾಲು ನಾ ನೋಡಿ ಹೇಳ್ತೀನಿ ತಗೋ."

ಹಾಗೆ ಇಬ್ಬರೂ ಗೆಳತಿಯರಾದರು. ಒಬ್ಬಳಿಗೆ ಲಕ್ಷ ವರ್ಷ, ಒಬ್ಬಳಿಗೆ ಎಂಟು.

ಮಳೆಗಾಲ ಬಂತು. ಉಳಿದವರು ಗುಡಿಸಲಿನಲ್ಲಿ ಮುದುಡಿ ಕೂತಾಗ ಗೌಜಿ ಬಾಗಿಲಲ್ಲಿ ಕೂತು ಕಲ್ಲವ್ವನ ಕಾಲನ್ನೇ ನೋಡಿದಳು. ಬಂಡೆಯ ಮೇಲೆ ಬಿದ್ದ ಮಳೆ ಬಿಳಿ ಜಡೆಗಳಾಗಿ ಇಳಿದು ಬರುತ್ತಿತ್ತು. ಬರುವಾಗ ಬಂಡೆಯ ಸಂದಿಗೊಂದಿಯ ಪುಡಿಮಣ್ಣನ್ನೆಲ್ಲ ಉಜ್ಜಿಕೊಂಡು ಬಂದು ಬುಡದಲ್ಲಿ ಬಿಡುತ್ತಿತ್ತು. ಕೆಂಪು ಮಣ್ಣು ಮೆತ್ತಗೆ, ಕೈಹಾಕಿದರೆ ಮೊಣಕೈವರೆಗೆ ಹೋಗುವಷ್ಟು. ಕಾಲು ಹೂಳುವ ಕೆಸರಲ್ಲ, ಸಿಡಿಯುವ ಬಿರುಕಲ್ಲ. ಹೊಳೆ ದೂರದಲ್ಲಿತ್ತು, ಉಕ್ಕಿದರೂ ಇಲ್ಲಿಗೆ ಬಾರದು. ಗಾಳಿ ಬಂದು ಕಲ್ಲವ್ವನ ಬೆನ್ನಿಗೆ ಹಣೆ ಚಚ್ಚಿಕೊಂಡು ಹಿಂದಕ್ಕೆ ಹೋಗುತ್ತಿತ್ತು. ಬಂಡೆಯ ಮಡಿಲಲ್ಲಿ ಒಂದು ದೊಣೆ ಇತ್ತು, ಆಳದ ಕಲ್ಲುಗುಳಿ. ಅದರ ತುಂಬ ನೀರು ನಿಂತಿತು.

"ಕಲ್ಲವ್ವಾ, ನಿನ್ನ ಹತ್ರ ನಿಲ್ಲದಿದ್ದದ್ದೆಲ್ಲ ನಿನ್ನ ಕಾಲಾಗ ನಿಂತೈತಿ!" ಎಂದು ಕೂಗಿದಳು ಗೌಜಿ.

"ಹೌದಾ?" ಎಂದಿತು ಬೆಟ್ಟ. ನಾಚಿಕೊಂಡಿತೋ ಏನೋ, ಸಂಜೆ ಬಿಸಿಲಿಗೆ ಮೈಯೆಲ್ಲ ಕೆಂಪಗೆ ಕಂಡಿತು.

ಆದರೆ ಸಗಣಿಗೆ ಇದೆಲ್ಲ ಗೊತ್ತೇ? ಅದು ತನ್ನ ಪಾಡಿಗೆ ಏರುತ್ತಿತ್ತು. ಮೊದಲ ಹುಣ್ಣಿಮೆಗೆ ಗಿಡ್ಡಜ್ಜನ ಪಾದ ಮುಚ್ಚಿತು. ಎರಡನೆಯದಕ್ಕೆ ಕಣಕಾಲು ಮುಳುಗಿತು. ಮೂರನೆಯದಕ್ಕೆ ಮೀನಖಂಡ. ನಾಲ್ಕನೆಯದಕ್ಕೆ ಗಿಡ್ಡಜ್ಜ ಗೂಟದ ಹತ್ತಿರ ನಿಂತು, ಬಗ್ಗಿ, ಮೊಣಕಾಲಿನ ಕೆಳಗೆ ಬೆರಳಿಟ್ಟು ನೋಡಿದ. "ಎರಡು ಬೆರಳು ಬಾಕಿ ಐತಿ" ಎಂದ. ಬಾಳವ್ವ ಅಂದಿನಿಂದ ಗೌಜಿಗೆ ತುತ್ತು ಮಾಡಿ ಉಣಿಸತೊಡಗಿದಳು, ಎಂಟು ವರ್ಷದ ಹುಡುಗಿಗೆ!

ಆ ದಿನ ಗೌಜಿ ದೊಡ್ಡಿಯ ಬಾಗಿಲಲ್ಲಿ ಕೂತು ಸಗಣಿಯನ್ನು ದುರುಗುಟ್ಟಿ ನೋಡಿದಳು. ಏರುವುದು ಅದರ ಕೆಲಸ. ಇಳಿಸಬಾರದು ಎಂದು ಕಟ್ಟಳೆಯಲ್ಲಿ ಎಲ್ಲಿ ಹೇಳಿದ್ದಾರೆ?

ಮರುದಿನ ಮೂಡಣ ಬೆಳ್ಳಗಾಗುವ ಹೊತ್ತಿಗೆ ಅವಳು ಒಂದು ಹಳೆಯ ಜಿಂಕೆ ಚರ್ಮಕ್ಕೆ ಹಗ್ಗ ಕಟ್ಟಿ, ಆ ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡಳು. ದನಗಳ ಕಾಲುಗಳ ನಡುವೆ ಜಾರಿಕೊಂಡು ಗೂಟದ ಹತ್ತಿರ ಹೋದಳು. ಬೊಗಸೆ ಬೊಗಸೆ ಸಗಣಿ ಬಾಚಿ ಚರ್ಮಕ್ಕೆ ಹಾಕಿ, ಎಳೆದುಕೊಂಡು ಹೊರಗೆ ಬಂದಳು. ಹೇಗೂ ತನ್ನನ್ನು ತಾನು ಎಳೆದುಕೊಂಡೇ ಹೋಗಬೇಕು, ಜೊತೆಗೆ ಇದೂ ಒಂದಿಷ್ಟು ಬರಲಿ ಎಂದು ಅವಳ ಲೆಕ್ಕ. ಕಲ್ಲವ್ವನ ಆಚೆ ಮಗ್ಗುಲ ಬುಡದಲ್ಲಿ, ಅವ್ವ ಹುರುಳಿ ಕೇರಿ ಕಸ ಚೆಲ್ಲುವ ಜಾಗದಲ್ಲಿ ಸುರುವಿದಳು. ಅವ್ವನನ್ನು ಬಿಟ್ಟರೆ ಅಷ್ಟು ದೂರ ಬೇರೆ ಯಾರೂ ಬರುತ್ತಿರಲಿಲ್ಲ.

ಆ ಹೊತ್ತಿಗೆ ಅಲ್ಲಿ ಇದ್ದದ್ದು ಒಂದು ಟಿಟ್ಟಿಭ ಹಕ್ಕಿ ಮಾತ್ರ. ಅದು ನೆಲದ ಮೇಲೆಯೇ ಮೊಟ್ಟೆ ಇಡುವಂಥದ್ದು, ಯಾರು ಅಲ್ಲಾಡಿದರೂ ಬೊಬ್ಬೆ ಹೊಡೆಯುವಂಥದ್ದು.

"ಯಾರದು? ಯಾರದು? ಏನು ಮಾಡ್ತಿ?" ಎಂದು ಅರಚಿತು ಟಿಟ್ಟಿಭ.

"ಶ್! ನಾನು ಗೌಜಿ. ನಿನ್ನ ಮೊಟ್ಟಿ ನನಗ ಬ್ಯಾಡ. ಸುಮ್ನಿರು."

"ಸುಮ್ನಿರಾಕ ನನಗ ಬರೂದಿಲ್ಲ!" ಎಂದಿತು ಟಿಟ್ಟಿಭ. ಪಾಪ, ಅದು ನಿಜವನ್ನೇ ಹೇಳಿತು.

ಒಂದು ಚರ್ಮ, ಎರಡು ಚರ್ಮ, ಬಿಸಿಲು ಬರುವ ಮೊದಲು ಐದು ಚರ್ಮ. ದಿನ ದಿನವೂ ಹೀಗೆ. ಮೊಣಕೈ ತರಚಿತು, ಅಂಗೈ ಬೊಬ್ಬೆ ಎದ್ದಿತು. ನಾಲ್ಕನೇ ದಿನ ಅವ್ವ ಹಿಂದೆ ಬಂದು ನಿಂತಿದ್ದಳು. ಚರ್ಮ ನೋಡಿದಳು, ದೊಡ್ಡಿ ನೋಡಿದಳು, ಮಗಳ ಮೊಣಕೈ ನೋಡಿದಳು. ಹೋಗಿ ಬುಟ್ಟಿ ತಂದಳು.

ಐದನೇ ಹುಣ್ಣಿಮೆಯ ಮರುದಿನ ಗಿಡ್ಡಜ್ಜ ಭಾರವಾದ ಮನಸ್ಸಿನಿಂದ ಗೂಟದ ಹತ್ತಿರ ಹೋಗಿ ನಿಂತ. ಬಗ್ಗಿ ನೋಡಿದ. ಸಗಣಿ ಮೀನಖಂಡಕ್ಕಿಂತ ಕೆಳಗಿತ್ತು. ಆ ಕಡೆ ನಿಂತ. ಈ ಕಡೆ ನಿಂತ. ಕಣ್ಣು ಉಜ್ಜಿಕೊಂಡ.

"ಬಾಳವ್ವಾ, ನಾ ಏನರ ಉದ್ದ ಆಗೀನೇನು?"

"ಹೌದು ಮಾವ, ಸ್ವಲ್ಪ ಆದಂಗ ಕಾಣ್ತೀರಿ" ಎಂದಳು ಬಾಳವ್ವ, ನೆಲ ನೋಡುತ್ತ.

ಗಿಡ್ಡಜ್ಜನ ಮುಖ ಅರಳಿತು. ಅಂದಿನಿಂದ ಅವನು ಗುಡಿಸಲಿನ ಬಾಗಿಲಲ್ಲಿ ತಲೆ ತಗ್ಗಿಸಿ ಬರತೊಡಗಿದ. ಮೊದಲು ಆ ಬಾಗಿಲಿಗೂ ಅವನ ತಲೆಗೂ ನಡುವೆ ಎರಡು ಮೊಳ ಖಾಲಿ ಇರುತ್ತಿತ್ತು. ಆರನೇ ಹುಣ್ಣಿಮೆಗೆ ಇನ್ನಷ್ಟು ಉದ್ದ ಆದ. ಏಳನೆಯದಕ್ಕೆ, ಅಪ್ಪ ಸತ್ತ ವಯಸ್ಸಿನಲ್ಲಿ ನಾನು ಬೆಳೆಯುತ್ತಿದ್ದೇನೆ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ.

ಆ ಬೆಳಗುಗಳಲ್ಲಿ ಗೌಜಿ ಇನ್ನೊಂದನ್ನೂ ಕಂಡಿದ್ದಳು. ಅವ್ವ ಕೇರಿ ಚೆಲ್ಲಿದ ಕಸದಲ್ಲಿ ಅಲ್ಲೊಂದು ಇಲ್ಲೊಂದು ಹುರುಳಿ ಕಾಳು ಉಳಿದಿದ್ದವು. ಅವುಗಳ ಮೇಲೆ ಸಗಣಿ ಬಿತ್ತು, ಕಲ್ಲವ್ವನ ಮೈಯಿಂದ ಇಳಿದ ಹಿಂಗಾರು ಮಳೆ ಹರಿಯಿತು. ಎಳೆ ಹಸಿರು ಕಿವಿಗಳು ನೆಲದಿಂದ ಮೇಲೆದ್ದವು. ಗೌಜಿ ಅವ್ವನಿಂದ ಬುರುಡೆ ಕೇಳಿ ಇನ್ನೊಂದು ಬೊಗಸೆ ಬೀಜ ಚೆಲ್ಲಿದಳು. ಹುರುಳಿ ಆ ಸಗಣಿ ಮಣ್ಣಿನಲ್ಲಿ ಬೆಳೆದ ಹಾಗೆ ಆ ಜನ ಎಂದೂ ಕಂಡಿರಲಿಲ್ಲ. ಕಾಣುವುದಾದರೂ ಹೇಗೆ? ಸಗಣಿಯನ್ನು ಪ್ರತಿ ಸಲವೂ ಸುಟ್ಟು ಬೂದಿ ಮಾಡಿ ಹೋಗುತ್ತಿದ್ದರು. ಬೀಜಕ್ಕೂ ಸಗಣಿಗೂ ಅಲ್ಲಿಯವರೆಗೆ ಪರಿಚಯವೇ ಆಗಿರಲಿಲ್ಲ.

ಎಂಟನೇ ಹುಣ್ಣಿಮೆಯ ಮರುದಿನ ಬೆಳಿಗ್ಗೆ ಗೌಜಿ ಎಂದಿನಂತೆ ಚರ್ಮ ಎಳೆಯುತ್ತಿದ್ದಳು. ಟಿಟ್ಟಿಭ ಮತ್ತೆ ಇಟ್ಟಿದ್ದ ಮೊಟ್ಟೆಗಳಿಂದ ಮರಿಗಳು ಅವತ್ತೇ ಹೊರಗೆ ಬಂದಿದ್ದವು. ತಾಯಿಹಕ್ಕಿಗೆ ಭಯವೋ ಭಯ.

"ಯಾರದು? ಯಾರದು? ಯಾರದು?" ಎಂದು ಬೆಟ್ಟವೇ ಮಾರ್ದನಿಸುವಂತೆ ಅರಚಿತು.

ಕರುಗಳಿಗೆ ತೋಳ ಬಿತ್ತೆಂದು ಗಿಡ್ಡಜ್ಜ ಕೋಲು ಹಿಡಿದು ಓಡಿ ಬಂದ. ಬಂದು ನೋಡಿದರೆ ತೋಳವಿಲ್ಲ. ಮೊಮ್ಮಗಳು, ಅವಳ ಹಿಂದೆ ಒಂದು ಚರ್ಮ ಸಗಣಿ.

ಅವನಿಗೆ ಎಲ್ಲವೂ ಒಮ್ಮೆಗೇ ತಿಳಿಯಿತು. ತಾನು ಉದ್ದ ಆಗಿಲ್ಲ ಎಂಬುದೂ ತಿಳಿಯಿತು. ಅದರಿಂದ ಬಹಳ ನೋವಾಯಿತು, ಆದರೆ ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

"ಏನು ಮಾಡಿದ್ಯವ್ವಾ ನೀನು? ನೆಲ ಏಳು ಏಳು ಅಂತಿದ್ರ ಅದರ ಬಾಯಿ ಮುಚ್ಚಿದ್ಯಾ? ನೆಲದ ಶಾಪ ತಟ್ಟಿದ್ರ ಮೂವತ್ತು ಜೀವ ಏನಾಗಬೇಕು?"

ಜನರೆಲ್ಲ ಓಡಿ ಬಂದರು. ಗಿಡ್ಡಜ್ಜ ಕೋಲು ನೆಲಕ್ಕೆ ಕುಟ್ಟಿ ಹೇಳಿದ. "ಈ ಹುಡುಗಿ ಹೊತ್ತು ಹಾಕಿದ್ದನ್ನ ಸೇರಿಸಿದ್ರ ಸಗಣಿ ಮೊಣಕಾಲು ದಾಟಿ ಎಷ್ಟೋ ದಿನ ಆಗೈತಿ. ಬೆಂಕಿ ತರ್ರಿ. ದೊಡ್ಡಿ ಸುಡ್ರಿ. ನಾಳೆ ನಡಿಗಿ."

ಬಾಳವ್ವ ಮಗಳ ಪಕ್ಕ ಬಂದು ಕೂತಳು. ಅಷ್ಟೇ. ಏಳುವುದಿಲ್ಲ ಎಂದು ಆ ಕೂತ ರೀತಿಯೇ ಹೇಳುತ್ತಿತ್ತು. ಗಿಡ್ಡಜ್ಜ ಅವಳ ಕಡೆ ನೋಡಲಾರದೆ ಬೇರೆ ಕಡೆ ಮುಖ ತಿರುಗಿಸಿದ. ಯಾರೋ ಒಲೆಯಿಂದ ಉರಿಯುವ ಕೊಳ್ಳಿ ತಂದು ಅವನ ಕೈಗೆ ಕೊಟ್ಟರು.

"ಯಜ್ಜಾ" ಎಂದಳು ಗೌಜಿ. "ದೊಡ್ಡಿ ಸುಟ್ರ ಸಾಕಾ? ನಾ ಒಯ್ದು ಹಾಕಿದ್ದನ್ನೂ ಸುಡಬೇಕಲ್ಲ? ಕಟ್ಟಳಿ ಅಂದ್ರ ಕಟ್ಟಳಿ."

ಗಿಡ್ಡಜ್ಜ ತಲೆದೂಗಿದ. ಕಟ್ಟಳೆಯ ವಿಷಯಕ್ಕೆ ಅವನು ಎಂದೂ ಇಲ್ಲ ಎನ್ನುವವನಲ್ಲ. "ಎಲ್ಲಿ ಹಾಕೀದಿ, ತೋರ್ಸು."

ಗೌಜಿ ಜಾರುತ್ತ ಮುಂದೆ, ಕೊಳ್ಳಿ ಹಿಡಿದ ಅಜ್ಜ ಹಿಂದೆ, ಅವರ ಹಿಂದೆ ಜನ. ಕಲ್ಲವ್ವನ ಮಗ್ಗುಲು ತಿರುಗಿದರು. ಎಲ್ಲರ ಕಾಲೂ ನಿಂತುಬಿಟ್ಟವು.

ಕಲ್ಲವ್ವನ ಬುಡದುದ್ದಕ್ಕೂ ಹುರುಳಿ ಹಬ್ಬಿತ್ತು. ಬಳ್ಳಿಯ ಮೇಲೆ ಬಳ್ಳಿ ಹತ್ತಿ, ಕಾಯಿಯ ಭಾರಕ್ಕೆ ಜೋತು, ಕಾಲಿಡಲು ಜಾಗವಿಲ್ಲದ ಹಾಗೆ. ಗಿಡ್ಡಜ್ಜ ಒಳಗೆ ಹೆಜ್ಜೆ ಇಟ್ಟ. ಇನ್ನೊಂದು ಹೆಜ್ಜೆ ಇಟ್ಟ. ಆಮೇಲೆ ಅಭ್ಯಾಸಬಲದಿಂದ ಬಗ್ಗಿ ಕಾಲು ನೋಡಿಕೊಂಡ.

ಹುರುಳಿ ಅವನ ಮೊಣಕಾಲು ಮುಟ್ಟಿತ್ತು.

"ಯಜ್ಜಾ, ಈಗ ನೆಲ ಏನಂತೈತಿ?" ಎಂದಳು ಗೌಜಿ. "ಏಳು ಅಂತೈತಾ?"

ಗಿಡ್ಡಜ್ಜ ಬಳ್ಳಿಯ ಬುಡಕ್ಕೆ ಇಣುಕಿದ. "ಸಗಣಿ ಎಲ್ಲೈತಿ?" ಎಂದ.

ಗೌಜಿ ಬಳ್ಳಿ ಸರಿಸಿ ನೆಲಕ್ಕೆ ಕೈ ಹಾಕಿದಳು. ಬೊಗಸೆ ತುಂಬ ಕಪ್ಪು ಮಣ್ಣು ಬಂತು, ಪುಡಿಪುಡಿ, ತಂಪು. ಸಗಣಿಯ ಸುಳಿವೇ ಇಲ್ಲ. "ನೆಲ ತಿಂದೈತಿ. ಅಷ್ಟೂ ತಿಂದು ಹುರುಳಿ ಕೊಟ್ಟೈತಿ. ಸಾಕಾಗಿದ್ರ ತಿಂತಿತ್ತಾ ಯಜ್ಜಾ? ಅದು ಏಳ್ರಿ ಅಂದಿಲ್ಲ. ಹಸಿವಾಗೈತಿ, ತರ್ರಿ ಅಂದೈತಿ. ನಮಗ ತಿಳೀಲಿಲ್ಲ."

ಮೇಲಿನಿಂದ ಕಲ್ಲವ್ವ ಸಣ್ಣ ದನಿಯಲ್ಲಿ ಕೇಳಿತು. "ಗೌಜೀ, ನನ್ನ ಕಾಲಾಗ ಏನೈತಿ?"

"ಹಸಿರೈತಿ ಕಲ್ಲವ್ವಾ. ಕಣ್ಣು ತುಂಬುವಷ್ಟು ಐತಿ."

ಬೆಟ್ಟ, ಹುಟ್ಟಿದ ಮೇಲೆ ಮೊದಲ ಸಲ, ಗಟ್ಟಿಯಾಗಿ ಕರೆಯಿತು. "ಬರ್ರಿ. ಬರ್ರಿ. ಇಲ್ಲೇ ಇರ್ರಿ."

ಮೂವತ್ತು ಮಂದಿಯೂ ಗಿಡ್ಡಜ್ಜನ ಮುಖ ನೋಡಿದರು. ಕೊಳ್ಳಿ ಅವನ ಕೈಯಲ್ಲಿ ಉರಿಯುತ್ತಲೇ ಇತ್ತು. ಕಟ್ಟಳೆ ಮುರಿಯುವುದು ಅವನಿಂದಾಗದು. ಅಪ್ಪ ಅಜ್ಜ ಎಲ್ಲ ನಡೆದ ಕಟ್ಟಳೆ. ಅವನು ಮಣ್ಣು ನೋಡಿದ. ಮಣ್ಣು ಹಿಡಿದ ಮೊಮ್ಮಗಳ ಕೈ ನೋಡಿದ. ಅಂಗೈಯಲ್ಲಿ ಚರ್ಮ ದಡ್ಡುಗಟ್ಟಿತ್ತು, ಮೊಣಕೈಯಲ್ಲಿ ಗಾಯದ ಮೇಲೆ ಗಾಯ. ಮೂರು ತಿಂಗಳು ತಾನು ಬಾಗಿಲಲ್ಲಿ ತಲೆ ತಗ್ಗಿಸಿಕೊಂಡು ಮೆರೆಯುತ್ತಿದ್ದಾಗ ಈ ಕೂಸು ಹೀಗೆ ತೆವಳಿದೆ. ಅವನ ಕಣ್ಣಲ್ಲಿ ನೀರು ಬಂತು. ಈ ಸಲ ಹೊಗೆಯ ಮೇಲೆ ಹಾಕಲಿಲ್ಲ, ಸುಮ್ಮನೆ ಅತ್ತ.

ಆಮೇಲೆ ಪಂಚೆ ಬಿಗಿದು, ಗಂಟಲು ಸರಿಮಾಡಿಕೊಂಡು, ಹಿರಿಯನ ದನಿಯಲ್ಲಿ ಹೇಳಿದ.

"ಕಟ್ಟಳಿ ಕಟ್ಟಳಿನೇ. ಅದನ್ನ ಮುರಿಯಂಗಿಲ್ಲ. ಸಗಣಿ ಮೊಣಕಾಲು ಮುಟ್ಟಿದ್ರ ಏಳಬೇಕು."

ಬಾಳವ್ವ ಕಣ್ಣು ಮುಚ್ಚಿಕೊಂಡಳು.

"ಆದ್ರ ನನ್ನ ಮೊಣಕಾಲು ನಂಬಂಗಿಲ್ಲ. ಒಂದು ತಿಂಗಳು ಉದ್ದ ಆಗ್ತೈತಿ, ಒಂದು ತಿಂಗಳು ಗಿಡ್ಡ ಆಗ್ತೈತಿ. ಇವತ್ತಿಂದ ಅಳತಿ ಗೌಜಿ ಮೊಣಕಾಲಿಂದು. ಆಕಿ ಗೂಟದ ಹತ್ರ ತಾನ ಎದ್ದು ನಿಂತು, ಸಗಣಿ ಆಕಿ ಮೊಣಕಾಲು ಮುಟ್ಟಿದ ದಿನ ಏಳೂನು. ಅಲ್ಲೀತನಕ ಒಬ್ರೂ ಏಳಂಗಿಲ್ಲ!"

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ಒಬ್ಬರಿಗೆ ತಿಳಿಯಿತು, ನಕ್ಕರು. ಇನ್ನೊಬ್ಬರಿಗೆ ತಿಳಿಯಿತು. ಬಾಳವ್ವನಿಗೆ ಎಲ್ಲರಿಗಿಂತ ಕೊನೆಗೆ ತಿಳಿಯಿತು, ಅವಳು ಮಗಳನ್ನು ಅಪ್ಪಿಕೊಂಡು ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು. ಗಿಡ್ಡಜ್ಜ ಆ ಕೊಳ್ಳಿಯನ್ನು ಆರಿಸಲಿಲ್ಲ, ಒಯ್ದು ಸೊಸೆಯ ಒಲೆಗೆ ಇಟ್ಟ. ಆವತ್ತು ಮೂವತ್ತು ಮಂದಿಯೂ ಹೊಟ್ಟೆ ಬಿರಿಯುವಷ್ಟು ಹುರುಳಿಕಟ್ಟಿನ ಸಾರು ಕುಡಿದರು.

ದಿನಾ ಬೆಳಿಗ್ಗೆ ಸಗಣಿ ಬಾಚಿ ಹೊರಗೆ ಗುಡ್ಡೆ ಹಾಕುವುದು ಅಂದಿನಿಂದ ಶುರುವಾಯಿತು. ಗುಡಿಸಲಿಗೆ ಗೋಡೆ ಬಂತು. ದೊಣೆಯ ನೀರಿಗೆ ಮೆಟ್ಟಿಲು ಬಂತು. ಈ ಸುದ್ದಿ ಕೇಳಿ ಬೇರೆ ಗುಂಪಿನವರೂ ತಮ್ಮ ತಮ್ಮ ಕಲ್ಲುಬೆಟ್ಟ ಹುಡುಕಿಕೊಂಡು ಹೋಗಿ ಅದರ ಬುಡದಲ್ಲಿ ಕೂತರು. ಗೌಜಿ ಬೆಳೆದಳು, ಮುದುಕಿಯಾದಳು, ಮೊಮ್ಮಕ್ಕಳಿಗೆಲ್ಲ ಹುರುಳಿ ಬಿತ್ತಲು ಕಲಿಸಿದಳು. ಎದ್ದು ನಿಲ್ಲಲಿಲ್ಲ. ಒಂದು ದಿನ ಕಲ್ಲವ್ವನಿಗೆ ಒರಗಿ ಕೂತವಳು ಹಾಗೆಯೇ ಕಣ್ಣು ಮುಚ್ಚಿದಳು. ಅಳತೆ ಇನ್ನೂ ಬಾಕಿ ಇದೆ.

ಅದಕ್ಕೇ ಮಕ್ಕಳೇ, ಬಯಲುಸೀಮೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೆ ಅಲ್ಲೊಂದು ಇಲ್ಲೊಂದು ಬೋಳು ಕಲ್ಲುಬೆಟ್ಟ, ಅದರ ಕಾಲಬುಡದಲ್ಲಿ ಒಂದು ಊರು, ಊರ ಅಂಚಿನಲ್ಲಿ ಒಂದು ತಿಪ್ಪೆ ಕಾಣುತ್ತದೆ. ಬೆಳಗಾಗುತ್ತಲೇ ಯಾರೋ ಒಬ್ಬ ಅವ್ವ ಕೊಟ್ಟಿಗೆಯ ಸಗಣಿ ಬಾಚಿ ಬು‌ಟ್ಟಿ ಹೊತ್ತು ಆ ತಿಪ್ಪೆಯ ಕಡೆ ನಡೆದಿರುತ್ತಾಳೆ, ಪಕ್ಕದ ಹೊಲದಲ್ಲಿ ಟಿಟ್ಟಿಭ ಇನ್ನೂ ಯಾರದು ಯಾರದು ಎಂದು ಕೂಗುತ್ತಿರುತ್ತದೆ, ಮತ್ತು ಊರು ಎದ್ದು ಹೋಗದೆ ಕೂತಲ್ಲೇ ಕೂತಿರುತ್ತದೆ, ಗೌಜಿ ಕೂತ ಹಾಗೆ.